ಮೊದಲು ಟೆಸ್ಟರ್, ಆಮೇಲೆ ಕೈ

(ನಮ್ಮ ಸಂಘದ ರಾಜ್ಯೋತ್ಸವದ ಸಂಜೆ ಆಡಿದ ಮಾತುಗಳು. ಸಮಯ ಸಾಲದೆ ಬಿಟ್ಟುಹೋಗಿದ್ದ ಒಂದೆರಡು ವಿಷಯಗಳನ್ನು ಬರೆಯುವಾಗ ಸೇರಿಸಿದ್ದೇನೆ.)



ಕಾರ್ಯದರ್ಶಿಗಳು ಫೋನ್ ಮಾಡಿ, "ಈ ಸಲ ಹಾಡು, ನಾಟಕ ಎಲ್ಲಾ ಇದೆ, ವಿಜ್ಞಾನದ ಬಗ್ಗೆ ಒಬ್ಬರಾದ್ರೂ ಮಾತಾಡಬೇಕು, ನೀನು ಸುಮ್ನೆ ಕೂತು ಏನೇನೋ ಓದ್ತಿರ್ತೀಯಲ್ಲ, ನೀನೇ ಬಾ" ಅಂದ್ರು. ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್. ರಸಾಯನಶಾಸ್ತ್ರ ಹತ್ತನೇ ಕ್ಲಾಸಿಗೆ ನಿಂತುಹೋಯ್ತು. ಆದರೂ ಬಂದಿದ್ದೀನಿ, ಯಾಕಂದ್ರೆ ಇವತ್ತು ಹೇಳಬೇಕಾದ ವಿಷಯ ನಮ್ಮ ಮನೆಯ ನೀರಿನ ಕೊಡದ ಒಳಗೇ ಇದೆ.

ಐಟಿಐಯಲ್ಲಿ ಮೊದಲನೇ ದಿನ ನಮ್ಮ ಮೇಷ್ಟ್ರು ಒಂದು ಮಾತು ಹೇಳಿಕೊಟ್ಟರು: "ಮೊದಲು ಟೆಸ್ಟರ್, ಆಮೇಲೆ ಕೈ." ಲೈನ್ ಆಫ್ ಆಗಿದೆ ಅಂತ ಯಾರೇ ಹೇಳಲಿ, ಫ್ಯೂಸ್ ನಾನೇ ತೆಗೆದಿದ್ದೀನಿ ಅಂತ ಅನ್ನಿಸಲಿ, ಟೆಸ್ಟರ್ ಹಚ್ಚದೆ ವೈರ್ ಮುಟ್ಟಬೇಡ. ಕರೆಂಟು ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ, ಸಪ್ಪಳ ಇಲ್ಲ. ಕಣ್ಣಿಗೆ ಕಾಣದ್ದನ್ನು ಅಳೆಯದೆ ನಂಬಬಾರದು. ಇಲ್ಲಿ ಸೈಟಿನಲ್ಲಿ ಕೆಲಸ ಮಾಡೋ ಎಲ್ಲರಿಗೂ ಇದು ಗೊತ್ತು. ಆದರೆ ಊರಲ್ಲಿ ನಮ್ಮ ಅವ್ವ ಅಪ್ಪ ಕುಡಿಯೋ ನೀರಿನ ವಿಷಯದಲ್ಲಿ ನಾವು ಈ ಪಾಠ ಪೂರ್ತಿ ಮರೆತಿದ್ದೀವಿ. ನಾನೂ ಮರೆತಿದ್ದೆ.

ನಮ್ಮೂರು ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲೂಕು. ಹಟ್ಟಿ ಚಿನ್ನದ ಗಣಿ ಇರೋದು ನಮ್ಮ ತಾಲೂಕಿನಲ್ಲೇ. ನಾನು ಇಲ್ಲಿಗೆ ಬಂದ ಎರಡನೇ ವರ್ಷ ಮನೆಗೆ ಹದಿನಾರು ಸಾವಿರ ಕಳಿಸಿ ನೀರು ಶುದ್ಧ ಮಾಡೋ ಆರ್‌ಓ ಮಷಿನ್ ಕೂಡಿಸಿದೆ. ಮಷಿನ್ ಮಾರೋ ಹುಡುಗ ಮನೆಗೆ ಬಂದಿದ್ದ. ಕಿಸೆಯಿಂದ ಪೆನ್ನಿನಂಥ ಮೀಟರ್ ತೆಗೆದು ಬೋರಿನ ನೀರಿಗೆ ಅದ್ದಿ 900 ತೋರಿಸಿದ, ಮಷಿನ್ ನೀರಿಗೆ ಅದ್ದಿ 60 ತೋರಿಸಿದ. "ನೋಡ್ರಿ ಕಾಕಾ, ವಿಷ ಎಲ್ಲಾ ಹೋತು" ಅಂದ. ಅಪ್ಪ ವಿಡಿಯೋ ಕಾಲ್ ಮಾಡಿ ನನಗೂ ತೋರಿಸಿದ. ನಾನು ಇಲ್ಲಿ ಬಂಕ್ ಬೆಡ್ಡಿನ ಮೇಲೆ ಕೂತು ಖುಷಿಪಟ್ಟೆ.

ಒಂದು ವರ್ಷ ಮಷಿನ್ ನಡೀತು. ಆಮೇಲೆ ನೀರು ಸಣ್ಣಗೆ ಬರೋಕೆ ಶುರುವಾಯ್ತು, ಸರ್ವೀಸಿನವರು ಫೋನ್ ಎತ್ತಲಿಲ್ಲ, ಅಪ್ಪ ಪ್ಲಗ್ ಕಿತ್ತಿಟ್ಟ. ನಾನು ರಜಾಕ್ಕೆ ಹೋದಾಗ ಮಷಿನ್ ಮೇಲೆ ಊದಿನಕಡ್ಡಿ ಡಬ್ಬಿ, ಟೀವಿ ರಿಮೋಟು ಇಟ್ಟಿದ್ದರು. "ಯಾಕಪ್ಪಾ?" ಅಂದ್ರೆ, "ಬೋರಿನ ನೀರು ಛಲೋನ ಅದಾವ ಬಿಡು, ನಮ್ಮಪ್ಪನ ಕಾಲದಿಂದ ಕುಡದೀವಿ" ಅಂದ.

ಅದೇ ರಜಾದಲ್ಲಿ ನಮ್ಮ ಸೋದರಮಾವನನ್ನು ಚರ್ಮದ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಮಾವ ಇರೋದು ಇನ್ನೂ ಗಣಿಯ ಹತ್ತಿರದ ಹಳ್ಳಿಯಲ್ಲಿ. ಅವನ ಅಂಗೈ, ಅಂಗಾಲು ಗಟ್ಟಿಯಾಗಿ ಸಣ್ಣ ಸಣ್ಣ ಗಂಟು ಎದ್ದಿದ್ದವು. ಎದೆಯ ಮೇಲೆ ಮಳೆಹನಿ ಬಿದ್ದಂಗೆ ಕಪ್ಪು ಬಿಳಿ ಚುಕ್ಕೆ. ನಾವೆಲ್ಲ ಸಲಿಕೆ ಗುದ್ದಲಿ ಹಿಡಿದು ಹಿಡಿದು ಕೈ ಹಂಗಾಗಿದೆ ಅಂತ ತಿಳಿದಿದ್ವಿ. ಡಾಕ್ಟರು ಕೈ ತಿರುಗಿಸಿ ತಿರುಗಿಸಿ ನೋಡಿದರು. ಔಷಧಿ ಬರೆಯೋ ಮುಂಚೆ ಅವರು ಕೇಳಿದ ಮೊದಲನೇ ಪ್ರಶ್ನೆ ಇದು: "ಎಷ್ಟು ವರ್ಷದಿಂದ ಯಾವ ನೀರು ಕುಡೀತೀರಿ?"

ನೀರು ಪರೀಕ್ಷೆಗೆ ಕೊಟ್ಟೆ. ಅಲ್ಲಿನ ಮಾಮೂಲಿ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರಿಂದ ಬೇರೆಯಾಗಿ ಕೇಳಿ ಮಾಡಿಸಿದೆ. ಮಾವನ ಮನೆಯ ಹತ್ತಿರದ ಬೋರಿನಲ್ಲಿ ಆರ್ಸೆನಿಕ್ ಮಿತಿ ಮೀರಿ ಇತ್ತು. ಆ ನೀರು ಗಾಜಿನ ಲೋಟದಲ್ಲಿ ಹಿಡಿದರೆ ಕನ್ನಡಿಯಂಗೆ ಇತ್ತು ನೋಡ್ರಿ. ರುಚಿ ಕೂಡ ನಮ್ಮ ಮನೆ ನೀರಿಗಿಂತ ಸಿಹಿ.

ಆರ್ಸೆನಿಕ್ ಅಂದ್ರೆ ಹಿಂದಿನವರು ಪಾಷಾಣ ಅಂತ ಕರೀತಿದ್ದುದರ ಮೂಲ ವಸ್ತು. ಅದು ಎಲ್ಲೋ ಕಾರ್ಖಾನೆಯಿಂದಲೇ ಬರಬೇಕು ಅಂತಿಲ್ಲ. ನಮ್ಮ ಭಾಗದ ಕಲ್ಲಿನಲ್ಲಿ ಚಿನ್ನ ಇರೋ ಕಡೆ ಅದರ ಜೊತೆಗೇ ಆರ್ಸೆನೋಪೈರೈಟ್ ಅನ್ನೋ ಖನಿಜ ಇರುತ್ತೆ. ಗಣಿ ತೋಡಿ ಹೊರಗೆ ಹಾಕಿದ ಮಣ್ಣಿನಿಂದಲೂ, ನೆಲದೊಳಗಿನ ಬಂಡೆಯಿಂದಲೂ ಅದು ನಿಧಾನಕ್ಕೆ ನೀರಿಗೆ ಇಳಿಯುತ್ತೆ. ಯಾದಗಿರಿ ಜಿಲ್ಲೆಯ ಸುರಪುರ ಕಡೆ, ಹಳೇ ಚಿನ್ನದ ಗಣಿ ಇದ್ದ ಮಂಗಳೂರು ಅನ್ನೋ ಊರಿದೆ. ನಮ್ಮ ಕರಾವಳಿ ಮಂಗಳೂರಲ್ಲ, ಅಣ್ಣಂದಿರು ಗಾಬರಿಯಾಗಬೇಡಿ. ಅದರ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಜನರ ಮೈಮೇಲೆ ಇದೇ ಚುಕ್ಕೆ, ಇದೇ ಗಂಟು ಕಂಡು, ವಿಜ್ಞಾನಿಗಳು ಹೋಗಿ ಬೋರುಗಳ ನೀರು ಪರೀಕ್ಷಿಸಿ ಆರ್ಸೆನಿಕ್ ಇರೋದನ್ನು 2013ರಲ್ಲಿ ಪ್ರಕಟಿಸಿದರು. ವರ್ಷಗಟ್ಟಲೆ ಆ ನೀರು ಕುಡಿದರೆ ಮೊದಲು ಚರ್ಮ, ಆಮೇಲೆ ಕೆಲವರಿಗೆ ಚರ್ಮದ, ಮೂತ್ರಕೋಶದ, ಶ್ವಾಸಕೋಶದ ಕ್ಯಾನ್ಸರ್‌ವರೆಗೂ ಹೋಗುತ್ತೆ.

ದೇಶದಲ್ಲಿ ಇದರ ದೊಡ್ಡ ಹೊಡೆತ ಬಿದ್ದಿರೋದು ಪಶ್ಚಿಮ ಬಂಗಾಳಕ್ಕೆ. 1983ರಲ್ಲಿ ಕಲ್ಕತ್ತಾದ ಚರ್ಮವೈದ್ಯ ಕೆ.ಸಿ. ಸಾಹಾ ಅವರು ಹಳ್ಳಿಗಳಿಂದ ಬರ್ತಿದ್ದ ರೋಗಿಗಳ ಮೈಮೇಲಿನ ಚುಕ್ಕೆ ನೋಡಿ ಇದು ನೀರಿನ ಆರ್ಸೆನಿಕ್ ಅಂತ ಗುರುತಿಸಿದರು. ಅಲ್ಲಿನ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತೆ. ಕೆರೆ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯ್ತಾರೆ ಅಂತ ಹಳ್ಳಿ ಹಳ್ಳಿಗೆ ಕೊಳವೆಬಾವಿ ತೋಡಿದರು. ಆ ಮಕ್ಕಳು ಉಳಿದರು. ಆದರೆ ಗಂಗೆಯ ಮೆಕ್ಕಲು ಮಣ್ಣಿನೊಳಗೆ ಆರ್ಸೆನಿಕ್ ಇತ್ತು, ಅದನ್ನು ಅಳೆದು ನೋಡಿದವರು ಇರಲಿಲ್ಲ. ಒಳ್ಳೇದು ಮಾಡೋಕೆ ಹೋಗಿ, ಟೆಸ್ಟರ್ ಹಚ್ಚದೆ ಕೈ ಹಾಕಿದಂಗಾಯ್ತು.

ಈಗ ನಾನು ಹೇಳಬೇಕಂತ ಬಂದ ವಿಜ್ಞಾನಿಯ ವಿಷಯಕ್ಕೆ ಬರ್ತೀನಿ. 2022ರಲ್ಲಿ ನಮ್ಮ ಕ್ಯಾಂಪಿನ ಮಲಯಾಳಿ ಪೈಪ್ ಫಿಟ್ಟರ್ ಒಬ್ಬ ಮೊಬೈಲ್ ತಂದು ತೋರಿಸಿದ. "ನೋಡು, ನಮ್ಮ ಊರ ಕಡೆಯವರಿಗೆ ಇಲ್ಲಿನ ಸೌದಿ ಪ್ರಶಸ್ತಿ ಬಂದಿದೆ, ನೀನು ಹೇಳ್ತಿದ್ದೆಯಲ್ಲ ಅದೇ ಆರ್ಸೆನಿಕ್ ಕೆಲಸಕ್ಕೆ" ಅಂದ. ನೀರಿನ ಕೆಲಸಕ್ಕೇ ಅಂತ ಇರೋ ಪ್ರಿನ್ಸ್ ಸುಲ್ತಾನ್ ಬಿನ್ ಅಬ್ದುಲ್ ಅಜೀಜ್ ಅಂತರರಾಷ್ಟ್ರೀಯ ಪ್ರಶಸ್ತಿ ಅದು. ಬಂದಿದ್ದು ಐಐಟಿ ಮದ್ರಾಸಿನ ಪ್ರೊಫೆಸರ್ ತಲಪ್ಪಿಲ್ ಪ್ರದೀಪ್ ಅವರ ತಂಡಕ್ಕೆ. ಅವತ್ತಿಂದ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಾ ಬಂದೆ. ಅರ್ಥ ಆಗದ್ದನ್ನು ಇಲ್ಲಿನ ಲ್ಯಾಬಿನ ಕೆಮಿಸ್ಟ್ ಒಬ್ಬರ ಹತ್ತಿರ ಕೇಳಿ ತಿಳಕೊಂಡೆ.

ಪ್ರದೀಪ್ ಹುಟ್ಟಿದ್ದು 1963ರಲ್ಲಿ, ಕೇರಳದ ಪಂತಾವೂರು ಅನ್ನೋ ಹಳ್ಳಿಯಲ್ಲಿ. ಅಪ್ಪ ಅಮ್ಮ ಶಾಲೆ ಮೇಷ್ಟ್ರು. ಪಿಎಚ್‌ಡಿ ಮಾಡಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಕನ್ನಡಿಗ ಸಿ.ಎನ್.ಆರ್. ರಾವ್ ಮತ್ತು ಎಂ.ಎಸ್. ಹೆಗಡೆ ಅವರ ಕೈಕೆಳಗೆ. 1993ರಿಂದ ಐಐಟಿ ಮದ್ರಾಸಿನಲ್ಲಿದ್ದಾರೆ. 2008ರಲ್ಲಿ ಭಟ್ನಾಗರ್ ಪ್ರಶಸ್ತಿ, 2020ರಲ್ಲಿ ಪದ್ಮಶ್ರೀ. ನಮ್ಮಂಥ ಸಂಘದವರು ಗಮನಿಸಬೇಕಾದ ಇನ್ನೊಂದು ವಿಷಯ: ಅವರು ನ್ಯಾನೋ ತಂತ್ರಜ್ಞಾನದ ಬಗ್ಗೆ ತಮ್ಮ ಮಾತೃಭಾಷೆ ಮಲಯಾಳಂನಲ್ಲಿ ಪುಸ್ತಕ ಬರೆದು, ಅದಕ್ಕೆ ಕೇರಳ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿದೆ.

ನ್ಯಾನೋ ಅಂದ್ರೆ ಏನು? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ಅಷ್ಟು ಸಣ್ಣದು ಮಾಡಿ ಲಾಭ ಏನು? ವೈರಿನ ಉದಾಹರಣೆ ಕೊಡ್ತೀನಿ. ಒಂದೇ ತೂಕದ ತಾಮ್ರದಲ್ಲಿ ಒಂದು ದಪ್ಪ ಕಂಬಿ ಮಾಡಿ, ಇಲ್ಲಾ ನೂರು ಎಳೆಯ ಫ್ಲೆಕ್ಸಿಬಲ್ ಮಾಡಿ. ತೂಕ ಒಂದೇ, ಆದರೆ ಎಳೆ ಎಳೆಯಾಗಿ ಬಿಚ್ಚಿದಾಗ ಹೊರಮೈ ಎಷ್ಟೋ ಪಟ್ಟು ಹೆಚ್ಚು. ಕೊಳೆ ಬಂದು ಅಂಟಿಕೊಳ್ಳೋದು ಹೊರಮೈಗೆ ತಾನೆ? ಕಣ ಸಣ್ಣದಾದಷ್ಟೂ ಅಂಟೋ ಜಾಗ ಜಾಸ್ತಿ.

ಅವರ ಮೊದಲ ಕೆಲಸ ಆರ್ಸೆನಿಕ್ ಅಲ್ಲ, ಕೀಟನಾಶಕ. ಬೆಳ್ಳಿ, ಚಿನ್ನದ ನ್ಯಾನೋ ಕಣಗಳನ್ನು ಕ್ಲೋರಿನ್ ಇರೋ ಕೆಲವು ರಾಸಾಯನಿಕಗಳ ಜೊತೆ ಬಿಟ್ಟಾಗ, ಆ ಕಣಗಳು ರಾಸಾಯನಿಕವನ್ನೇ ಒಡೆದು ಹಾಕೋದು ಅವರಿಗೂ ಅವರ ವಿದ್ಯಾರ್ಥಿಗೂ ಕಂಡಿತು. ಅದನ್ನು 2003ರಲ್ಲಿ ಪ್ರಕಟಿಸಿದರು. ಅದೇ ವರ್ಷ ಎಂಡೋಸಲ್ಫಾನ್ ಮೇಲೂ ಕೆಲಸ ಮಾಡಿದರು. ಪುತ್ತೂರು, ಬೆಳ್ತಂಗಡಿ ಕಡೆಯ ಅಣ್ಣಂದಿರು ಇಲ್ಲಿ ತುಂಬಾ ಜನ ಇದ್ದೀರಿ, ಗೇರುತೋಟಕ್ಕೆ ಆಕಾಶದಿಂದ ಸಿಂಪಡಿಸಿದ ಆ ಎಣ್ಣೆ ಏನು ಮಾಡಿತು ಅಂತ ನಾನು ಹೇಳಬೇಕಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ನಿಲ್ಲಿಸಿತು. ನ್ಯಾನೋ ಚಿನ್ನ ಕರಗಿದ ನೀರು ಕೆಂಪಗಿರುತ್ತೆ, ಎಂಡೋಸಲ್ಫಾನ್ ತಗುಲಿದಾಗ ಬಣ್ಣ ನೀಲಿ ಕಡೆ ತಿರುಗುತ್ತೆ ಅಂತ ಪ್ರದೀಪ್ ಅವರ ತಂಡ ತೋರಿಸಿತು. ಅಂದ್ರೆ ಒಂದೇ ವಸ್ತು ಟೆಸ್ಟರ್ ಕೆಲಸವನ್ನೂ ಮಾಡ್ತು, ಹಿಡಿಯೋ ಕೆಲಸವನ್ನೂ ಮಾಡ್ತು. ಮುಂದೆ ಈ ದಾರಿಯಿಂದಲೇ ಮನೆಯಲ್ಲಿ ಕೀಟನಾಶಕ ತೆಗೆಯೋ ಫಿಲ್ಟರ್ ಮಾರುಕಟ್ಟೆಗೂ ಬಂತು.

ಇಲ್ಲಿ ಒಂದು ವ್ಯತ್ಯಾಸ ನಾವು ಚೆನ್ನಾಗಿ ತಿಳಕೊಳ್ಳಬೇಕು. ಕೀಟನಾಶಕ ಅನ್ನೋದು ಜೋಡಿಸಿ ಕಟ್ಟಿದ ವಸ್ತು, ಅದನ್ನು ಬಿಚ್ಚಬಹುದು, ಒಡೆಯಬಹುದು. ಆರ್ಸೆನಿಕ್, ಸೀಸ, ಪಾದರಸ ಇವು ಮೂಲವಸ್ತುಗಳು. ಇವನ್ನು ಸುಟ್ಟರೂ ಸಾಯಲ್ಲ, ಕುದಿಸಿದರೂ ಸಾಯಲ್ಲ. ಕುದಿಸಿದರೆ ಆವಿಯಾಗಿ ಹೋಗೋದು ನೀರು, ಪಾತ್ರೆಯಲ್ಲಿ ಉಳಿಯೋ ನೀರಲ್ಲಿ ಆರ್ಸೆನಿಕ್ ಇನ್ನೂ ಗಟ್ಟಿಯಾಗುತ್ತೆ. ನಮ್ಮ ಮನೆಯಲ್ಲಿ ಅವ್ವ "ಕುದಿಸಿ ಆರಿಸಿ ಕುಡಿತೀವಿ, ಏನೂ ಆಗಂಗಿಲ್ಲ" ಅಂತಿದ್ದಳು. ರೋಗಾಣುವಿಗೆ ಆ ಮಾತು ನೂರಕ್ಕೆ ನೂರು ಸರಿ, ಲೋಹಕ್ಕೆ ಅಲ್ಲ. ಇಂಥದ್ದನ್ನು ನೀರಿನಿಂದ ಹಿಡಿದು ಬೇರೆ ಕಡೆ ಕಟ್ಟಿಹಾಕೋದು ಒಂದೇ ದಾರಿ.

ಕಟ್ಟಿಹಾಕೋ ಹಗ್ಗ ಯಾವುದು? ನಂಬ್ತೀರೋ ಇಲ್ಲವೋ, ಕಬ್ಬಿಣದ ತುಕ್ಕು. ತುಕ್ಕಿಗೆ ಆರ್ಸೆನಿಕ್ ಅಂಟುತ್ತೆ ಅನ್ನೋದು ಹಳೇ ವಿಷಯ. ಆದರೆ ಹೆಚ್ಚು ಹಿಡಿಯೋದು ಎಳೇ ತುಕ್ಕು, ಅದರ ಕಣ ತುಂಬಾ ಸಣ್ಣದು. ಹಂಗೇ ಬಿಟ್ಟರೆ ಅದು ದಿನ ಕಳೆದಂತೆ ಬಲಿತು, ಗಟ್ಟಿ ಹರಳಾಗಿ, ಹೊರಮೈ ಕಳೆದುಕೊಂಡು ಕೆಲಸಕ್ಕೆ ಬಾರದೆ ಹೋಗುತ್ತೆ. ಪ್ರದೀಪ್ ಅವರ ತಂಡ ಮಾಡಿದ ಜಾಣತನ ಇಲ್ಲಿದೆ. ಎಳೇ ತುಕ್ಕಿನ ಆ ನ್ಯಾನೋ ಕಣಗಳನ್ನು ಕೈಟೋಸಾನ್ ಅನ್ನೋ ವಸ್ತುವಿನ ಬಲೆಯೊಳಗೆ ಕೂಡಿಹಾಕಿದರು. ಬಲೆಯೊಳಗೆ ಇರೋತನಕ ಅದು ಬಲಿಯೋಕೆ ಆಗಲ್ಲ, ಎಳೇದಾಗೇ ಉಳಿಯುತ್ತೆ. ಕೈಟೋಸಾನ್ ಎಲ್ಲಿಂದ ಬರುತ್ತೆ ಗೊತ್ತಾ? ಸಿಗಡಿ, ಏಡಿ ಚಿಪ್ಪಿನಿಂದ! ಮಲ್ಪೆಯವರು ನಗ್ತಿದ್ದೀರಿ. ನೀವು ಸುಲಿದು ಬಿಸಾಡೋ ಸಿಪ್ಪೆಗೆ ನಮ್ಮ ರಾಯಚೂರಿನ ನೀರು ತೊಳೆಯೋ ಶಕ್ತಿ ಇದೆ ನೋಡ್ರಿ. ಇದನ್ನೆಲ್ಲ ತಯಾರು ಮಾಡೋಕೆ ದೊಡ್ಡ ಕುಲುಮೆ ಬೇಡ, ನೀರಿನಲ್ಲೇ, ಮಾಮೂಲಿ ಉಷ್ಣಾಂಶದಲ್ಲೇ ಆಗುತ್ತೆ. ಇದಕ್ಕೆ ಅವರು ಇಟ್ಟ ಹೆಸರು ಅಮೃತ್. ಆರ್ಸೆನಿಕ್ ಮತ್ತು ಲೋಹ ತೆಗೆಯೋ ಭಾರತೀಯ ತಂತ್ರಜ್ಞಾನ ಅನ್ನೋದರ ಇಂಗ್ಲಿಷ್ ಮೊದಲಕ್ಷರಗಳಿಂದ ಮಾಡಿದ ಹೆಸರು.

ಇನ್ನೊಂದು ಕಷ್ಟ ಇತ್ತು. ನೀರಿನಲ್ಲಿ ಆರ್ಸೆನಿಕ್ ಎರಡು ವೇಷದಲ್ಲಿ ಇರುತ್ತೆ. ಒಂದಕ್ಕೆ ನೆಗೆಟಿವ್ ಚಾರ್ಜ್ ಇರುತ್ತೆ, ಅದು ತುಕ್ಕಿಗೆ ಸುಲಭವಾಗಿ ಅಂಟುತ್ತೆ. ಇನ್ನೊಂದು, ಹೆಚ್ಚು ಅಪಾಯದ್ದು, ಚಾರ್ಜೇ ಇಲ್ಲದ್ದು. ನಮ್ಮ ಭಾಷೆಯಲ್ಲಿ ನ್ಯೂಟ್ರಲ್. ನ್ಯೂಟ್ರಲ್ ವೈರಿಗೆ ಟೆಸ್ಟರ್ ಹಚ್ಚಿದರೆ ದೀಪ ಹತ್ತಲ್ಲ ಅಲ್ವಾ, ಹಂಗೆ ಇದೂ ತಪ್ಪಿಸಿಕೊಂಡು ಹೋಗುತ್ತೆ. ಆರ್‌ಓ ಮಷಿನ್ ಕೂಡ ಮೊದಲನೇದನ್ನು ಹಿಡಿದಷ್ಟು ಚೆನ್ನಾಗಿ ಎರಡನೇದನ್ನು ಹಿಡಿಯಲ್ಲ. ಅಮೃತ್ ಎರಡನ್ನೂ ಒಂದೇ ಹಂತದಲ್ಲಿ ಹಿಡಿದು, ಕುಡಿಯೋ ನೀರಿನ ಮಿತಿಯಾದ ಲೀಟರಿಗೆ 10 ಮೈಕ್ರೋಗ್ರಾಮಿನ ಕೆಳಗೆ ಇಳಿಸುತ್ತೆ.

ಈ 10 ಮೈಕ್ರೋಗ್ರಾಂ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕೋಣ. ಒಂದು ಲಕ್ಷ ಲೀಟರ್ ನೀರಿಗೆ ಒಂದೇ ಒಂದು ಗ್ರಾಂ. ಹನ್ನೆರಡು ಸಾವಿರ ಲೀಟರಿನ ಟ್ಯಾಂಕರು ಎಂಟು ಲೋಡಿಗೂ ಹೆಚ್ಚು ನೀರು, ಅದರಲ್ಲಿ ಒಂದು ಚಿಟಿಕೆ. ಅಷ್ಟು ದಾಟಿದರೆ ಕುಡಿಯೋಕೆ ಯೋಗ್ಯ ಅಲ್ಲ.

ಈಗ ಆ ಮಷಿನ್ ಮಾರೋ ಹುಡುಗನ ಪೆನ್ ಮೀಟರಿಗೆ ವಾಪಸ್ ಬರ್ತೀನಿ. ಅದು ಟಿಡಿಎಸ್ ಮೀಟರ್. ನಾನು ಎಲೆಕ್ಟ್ರಿಷಿಯನ್ ಆಗಿದ್ದೂ ಅವತ್ತು ಯೋಚನೆ ಮಾಡಲಿಲ್ಲ ಅನ್ನೋದು ನನಗೆ ಇವತ್ತಿಗೂ ನಾಚಿಕೆ. ಆ ಮೀಟರಿನೊಳಗೆ ಎರಡು ಕಡ್ಡಿ ಇರುತ್ತೆ, ಅವುಗಳ ನಡುವೆ ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ನೋಡಿ, ಒಟ್ಟು ಉಪ್ಪು ಇಷ್ಟಿರಬಹುದು ಅಂತ ಅಂದಾಜು ಹೇಳುತ್ತೆ. ಅದು ಕಂಡಕ್ಟಿವಿಟಿ ಮೀಟರ್ ಅಷ್ಟೇ. ಅದು ತೋರಿಸೋದು ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ. ಆರ್ಸೆನಿಕ್ ಮಿತಿ ಒಂದು ಮಿಲಿಗ್ರಾಮಿನ ನೂರನೇ ಒಂದು ಭಾಗ. ಮಿತಿಯ ಹತ್ತು ಪಟ್ಟು ಆರ್ಸೆನಿಕ್ ಇದ್ದರೂ ಆ ಮೀಟರಿನ ಕೊನೇ ಅಂಕಿ ಕೂಡ ಅಲ್ಲಾಡಲ್ಲ. ಅದರಲ್ಲೂ ಚಾರ್ಜ್ ಇಲ್ಲದ ಆರ್ಸೆನಿಕ್ ಅದಕ್ಕೆ ಕಾಣೋದೇ ಇಲ್ಲ. ಲಾರಿ ತೂಗೋ ವೇಬ್ರಿಡ್ಜ್ ಮೇಲೆ ಮೂಗುತಿ ಇಟ್ಟು ತೂಕ ಕೇಳಿದಂಗೆ. ಹಂಗಾಗಿ 900 ತೋರಿಸಿದ ನಮ್ಮ ಮನೆ ನೀರು ಉಪ್ಪು ಅಂತ ಮಾತ್ರ ಗೊತ್ತಾಯ್ತು. ಮಾವನ ಊರಿನ ಸಿಹಿ ನೀರಿಗೆ ಅದೇ ಮೀಟರ್ ಅದ್ದಿದ್ದರೆ ಹುಡುಗ "ಏನೂ ತೊಂದ್ರಿ ಇಲ್ರಿ" ಅಂತ ಹೇಳಿ ಹೋಗ್ತಿದ್ದ. ಅವನದ್ದೂ ತಪ್ಪಲ್ಲ, ಅವನ ಕೈಗೆ ಕೊಟ್ಟ ಮೀಟರ್ ಅಷ್ಟೇ. ತಪ್ಪು, ಬೇರೆ ಮೀಟರ್ ಕೇಳದ ನನ್ನದು.

ಪ್ರದೀಪ್ ಅವರ ಕೆಲಸದಲ್ಲಿ ನನಗೆ ಹಿಡಿಸಿದ್ದು ಅದು ಪ್ರಯೋಗಶಾಲೆಯ ಬಾಟಲಿಯಲ್ಲಿ ನಿಲ್ಲಲಿಲ್ಲ ಅನ್ನೋದು. ಬಂಗಾಳ, ಪಂಜಾಬಿನ ಹಳ್ಳಿಗಳಿಗೆ ಹೋಯ್ತು, ಹತ್ತು ಲಕ್ಷಕ್ಕೂ ಹೆಚ್ಚು ಜನ ಈ ತಂತ್ರಜ್ಞಾನದ ನೀರು ಕುಡೀತಿದ್ದಾರೆ. ಮೊದಲಿನಿಂದಲೂ ಅವರು ಬೆಲೆಯ ಮೇಲೆ ಕಣ್ಣಿಟ್ಟಿದ್ದರು. 2013ರಲ್ಲಿ ರೋಗಾಣು ಕೊಲ್ಲೋ ಬೆಳ್ಳಿಯ ಫಿಲ್ಟರ್ ಬಗ್ಗೆ ಬರೆದಾಗ, ಕರೆಂಟ್ ಇಲ್ಲದೆ, ಒಂದು ಕುಟುಂಬಕ್ಕೆ ವರ್ಷಕ್ಕೆ ಎರಡೂವರೆ ಡಾಲರಿನಲ್ಲಿ ಶುದ್ಧ ನೀರು ಕೊಡಬಹುದು ಅಂತ ಲೆಕ್ಕ ತೋರಿಸಿದರು. ಎಲೆಕ್ಟ್ರಿಷಿಯನ್ ಆಗಿ ಕರೆಂಟ್ ಬೇಡದ ವಸ್ತುವನ್ನು ಹೊಗಳ್ತಿದ್ದೀನಿ, ನಮ್ಮ ಯೂನಿಯನ್ನಿನವರು ಬಯ್ಯಬಾರದು. ಬೇಸಿಗೆಯಲ್ಲಿ ನಮ್ಮ ಕಡೆ ಎಷ್ಟು ಹೊತ್ತು ಕರೆಂಟ್ ಇರುತ್ತೆ ಅಂತ ನಿಮಗೂ ಗೊತ್ತು. ಆರ್‌ಓ ಮಷಿನಿಗೆ ಕರೆಂಟೂ ಬೇಕು, ಒಂದು ಕೊಡ ಒಳ್ಳೇ ನೀರಿಗೆ ಎರಡು ಮೂರು ಕೊಡ ಹೊರಗೂ ಚೆಲ್ಲಬೇಕು. ನೀರೇ ಇಲ್ಲದ ಊರಲ್ಲಿ ಅದು ನಷ್ಟದ ವ್ಯಾಪಾರ.

ಹಂಗಾದ್ರೆ ಇಂಥ ಫಿಲ್ಟರ್ ಕೂಡಿಸಿದರೆ ಕಥೆ ಮುಗೀತಾ? ಇಲ್ಲ. ನನ್ನ ಮಾತಿನ ಮುಖ್ಯ ಭಾಗ ಇದೇ.

ನಮ್ಮ ಕಂಪನಿ ಬಸ್ಸು ನೆನಪು ಮಾಡಿಕೊಳ್ಳಿ. ಐವತ್ತು ಸೀಟು. ಬೆಳಿಗ್ಗೆ ಐದಕ್ಕೆ ಕ್ಯಾಂಪ್ ಗೇಟಿಗೆ ಬರುತ್ತೆ, ಮೊದಲು ಬಂದವರು ಕೂತ್ಕೋತಾರೆ. ಸೀಟೆಲ್ಲ ತುಂಬಿದ ಮೇಲೆ ಬಂದವರು ರಸ್ತೆಯಲ್ಲೇ. ಫಿಲ್ಟರಿನ ಕಣದ ಮೇಲೂ ಇಷ್ಟೇ ಸೀಟು ಅಂತ ಇರುತ್ತೆ. ಎಲ್ಲ ತುಂಬಿದ ದಿನದಿಂದ ಆರ್ಸೆನಿಕ್ ನೇರ ನಲ್ಲಿಗೆ ಬರುತ್ತೆ. ಆಗಲೂ ನೀರು ಅಷ್ಟೇ ತಿಳಿಯಾಗಿರುತ್ತೆ, ಅಷ್ಟೇ ಜೋರಾಗಿ ಬರುತ್ತೆ. ಎಂಸಿಬಿ ಆದ್ರೆ ಲೋಡ್ ಜಾಸ್ತಿಯಾದಾಗ ಟಕ್ ಅಂತ ಬೀಳುತ್ತೆ, ಮನೆಯವರಿಗೆಲ್ಲ ಗೊತ್ತಾಗುತ್ತೆ. ಈ ಫಿಲ್ಟರ್ ಟ್ರಿಪ್ ಆಗಲ್ಲ. ಕೆಲಸ ನಿಂತಿದೆ ಅಂತ ಹೇಳೋಕೆ ಅದಕ್ಕೆ ಬಾಯಿಲ್ಲ. ಅಳೆದವರಿಗೆ ಮಾತ್ರ ಗೊತ್ತಾಗುತ್ತೆ.

ಇನ್ನೊಂದು: ತುಂಬಿದ ಆ ಮಾಲನ್ನು ಎಲ್ಲಿ ಹಾಕ್ತೀರಿ? ಮೊದಲೇ ಹೇಳಿದೆ, ಆರ್ಸೆನಿಕ್ ಸಾಯಲ್ಲ. ನೀರಿನಿಂದ ತೆಗೆದದ್ದು ಆ ಕಣಗಳ ಮೇಲೆ ಕೂತಿದೆ. ಅದರಿಂದ ವಾಪಸ್ ಸೋರುತ್ತಾ ಇಲ್ವಾ ಅಂತ ನೋಡೋಕೂ ಪರೀಕ್ಷೆ ಇದೆ, ಒಳ್ಳೇ ವಸ್ತು ಗಟ್ಟಿಯಾಗಿ ಹಿಡಕೊಂಡಿರುತ್ತೆ. ಆದರೂ ಹಳೇ ಫಿಲ್ಟರಿನ ಮಾಲು ಬಾವಿ ಪಕ್ಕದ ತಿಪ್ಪೆಗೆ ಹೋಗಬಾರದು, ಯಾರು ಕೂಡಿಸಿದರೋ ಅವರೇ ವಾಪಸ್ ಒಯ್ಯಬೇಕು. ಮಷಿನ್ ಖರೀದಿ ಮಾಡೋವಾಗಲೇ ಈ ಮಾತು ಬರಹದಲ್ಲಿ ಇರಬೇಕು.

ಇಲ್ಲಿ ಜುಬೈಲ್‌ನಲ್ಲಿ ನಾವು ಕುಡಿಯೋದು ಸಮುದ್ರದ ನೀರು, ಉಪ್ಪು ತೆಗೆದು ಸಿಹಿ ಮಾಡಿದ್ದು. ಸಮುದ್ರವನ್ನೇ ಕುಡಿಯೋ ನೀರು ಮಾಡೋ ಊರಲ್ಲಿ ನಮ್ಮ ಕೈ ಕೆಲಸ ಏನು? ಪಂಪ್ ಮೋಟರಿನ ಆಂಪಿಯರ್ ಅಳೆಯೋದು, ಲಾಗ್ ಶೀಟ್ ತುಂಬೋದು, ಫಿಲ್ಟರ್ ಬದಲಿಸಿ ಟ್ಯಾಗಿನ ಮೇಲೆ ತಾರೀಖು ಬರೆಯೋದು, ಸಹಿ ಹಾಕೋದು. ನಮ್ಮ ಕ್ಯಾಂಪಿನ ನೀರಿನ ಕೂಲರ್ ಹಿಂದೆ ನೋಡಿ, ಹಿಂದಿನ ಸಲ ಫಿಲ್ಟರ್ ಬದಲಿಸಿದ್ದು ಯಾವತ್ತು, ಮುಂದಿನದು ಯಾವತ್ತು ಅಂತ ಚೀಟಿ ಇದೆ. ನಮ್ಮೂರಿನ ನೀರಿನ ಘಟಕದ ಮೇಲೆ ಉದ್ಘಾಟನೆ ಮಾಡಿದವರ ಹೆಸರಿನ ಕಲ್ಲು ಇದೆ, ತಾರೀಖಿನ ಚೀಟಿ ಇಲ್ಲ. ಆ ಘಟಕ ನಿಂತು ಎರಡು ವರ್ಷ ಆಗಿತ್ತು, ನಾನು ಹೋದಾಗ ಬಾಗಿಲ ಮುಂದೆ ಆಡು ಮಲಗಿತ್ತು.

ವಿಜ್ಞಾನಿ ವಸ್ತು ಕಂಡುಹಿಡೀತಾರೆ, ಅವರು ಇಪ್ಪತ್ತು ವರ್ಷ ಕೂತು ಮಾಡಿದ ಕೆಲಸ ಅದು. ಆದರೆ ಅದು ನಮ್ಮೂರಿನ ಒಬ್ಬ ಮುದುಕನ ಲೋಟಕ್ಕೆ ತಲುಪೋದು ನಮ್ಮಂಥವರ ಕೈಯಿಂದ. ಅಳೆಯೋ ಕೈ, ಬದಲಿಸೋ ಕೈ, ತಾರೀಖು ಬರೆಯೋ ಕೈ. ಆ ಕೈ ಇಲ್ಲದಿದ್ದರೆ ಅಮೃತವೂ ಊದಿನಕಡ್ಡಿ ಇಡೋ ಸ್ಟ್ಯಾಂಡ್ ಆಗುತ್ತೆ, ನಮ್ಮ ಮನೆಯ ಮಷಿನ್ ಆದಂಗೆ.

ಅದಕ್ಕೇ ನಿಮ್ಮೆಲ್ಲರಲ್ಲಿ ಮೂರು ಬೇಡಿಕೆ.

ಒಂದು. ಊರಿಗೆ ನೀರಿನ ಮಷಿನಿಗೆ ಅಂತ ದುಡ್ಡು ಕಳಿಸೋ ಮುಂಚೆ, ನೀರು ಪರೀಕ್ಷೆ ಮಾಡಿಸಿ. ಸರ್ಕಾರದ ಕುಡಿಯೋ ನೀರಿನ ಪ್ರಯೋಗಾಲಯ ಜಿಲ್ಲೆಯಲ್ಲಿ ಇರುತ್ತೆ, ಸಾರ್ವಜನಿಕರಿಗೂ ಕಡಿಮೆ ದುಡ್ಡಿನಲ್ಲಿ ಮಾಡಿಕೊಡ್ತಾರೆ. ಜಲ ಜೀವನ್ ಮಿಷನ್ ಅಡಿ ಹಳ್ಳಿಗೆ ಐದು ಜನ ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ಕಲಿಸೋ ವ್ಯವಸ್ಥೆ ಇದೆ, ನಿಮ್ಮೂರಲ್ಲಿ ಅವರು ಯಾರು ಅಂತ ಪಂಚಾಯ್ತಿಯಲ್ಲಿ ಕೇಳಿ.

ಎರಡು. ಸುಮ್ಮನೆ "ನೀರು ಚೆಕ್ ಮಾಡಿ" ಅನ್ನಬೇಡಿ, ಹೆಸರು ಹಿಡಿದು ಕೇಳಿ. ನಮ್ಮ ರಾಯಚೂರು, ಯಾದಗಿರಿ ಕಡೆ ಆರ್ಸೆನಿಕ್ ಮತ್ತು ಫ್ಲೋರೈಡ್. ಕೊಪ್ಪಳ, ಪಾವಗಡ ಕಡೆಯವರು ಫ್ಲೋರೈಡ್. ಗೊಬ್ಬರ ಹೆಚ್ಚು ಹಾಕೋ ಕಡೆ ನೈಟ್ರೇಟ್. ಫ್ಲೋರೈಡಿಗೆ ಬೇಕಾದ ಫಿಲ್ಟರ್ ಬೇರೆ, ಆರ್ಸೆನಿಕ್‌ಗೆ ಬೇಕಾದದ್ದು ಬೇರೆ. ರೋಗ ಗೊತ್ತಿಲ್ಲದೆ ಔಷಧಿ ತಗೊಂಡಂಗೆ ಆಗಬಾರದು.

ಮೂರು. ಫಿಲ್ಟರ್ ಕೂಡಿಸಿದರೆ ಒಂದು ಚೀಟಿ ಅಂಟಿಸಿ. ಕೂಡಿಸಿದ ತಾರೀಖು, ಬದಲಿಸಬೇಕಾದ ತಾರೀಖು, ಹೊರಗೆ ಬರೋ ನೀರನ್ನು ಪರೀಕ್ಷೆ ಮಾಡಿಸಿದ ತಾರೀಖು. ಒಳಗೆ ಹೋಗೋ ನೀರಿನ ರಿಪೋರ್ಟ್ ಅಲ್ಲ, ಹೊರಗೆ ಬರೋ ನೀರಿನದ್ದು. ರಜಾಕ್ಕೆ ಹೋದವರು ಮನೆಗೆ ಹೋಗಿ ಬ್ಯಾಗ್ ಬಿಚ್ಚೋ ಮೊದಲು ಆ ಚೀಟಿ ನೋಡಿ. ಚಾಕೊಲೇಟ್ ಹಂಚೋದು ಆಮೇಲೆ.

ಮಾವನ ವಿಷಯ ಹೇಳಿ ಮುಗಿಸ್ತೀನಿ. ಅವನು ಆ ಬೋರಿನ ನೀರು ಬಿಟ್ಟು ಈಗ ಎರಡು ವರ್ಷದ ಮೇಲಾಯ್ತು. ಕುಡಿಯೋಕೆ, ಅಡುಗೆಗೆ ಬೇರೆ ಕಡೆಯ ನೀರು ತರ್ತಾರೆ, ಬೋರಿನ ನೀರು ಬಟ್ಟೆ, ಪಾತ್ರೆಗೆ ಮಾತ್ರ. ಡಾಕ್ಟರು ಆರು ತಿಂಗಳಿಗೊಮ್ಮೆ ಬಂದು ತೋರಿಸು ಅಂದಿದ್ದಾರೆ, ಹೋಗಿ ಬರ್ತಾನೆ. ಹೊಸ ಗಂಟು ಎದ್ದಿಲ್ಲ, ಹಳೇವು ಪೂರ್ತಿ ಹೋಗಿಲ್ಲ. ಹೋದ ವಾರ ಫೋನಿನಲ್ಲಿ, "ನಿನ್ನ ಪಗಾರದಾಗ ಮಷಿನ್ ತರಬ್ಯಾಡೋ, ಬರುವಾಗ ಎರಡು ಖಾಲಿ ಬಾಟ್ಲಿ ತಗೊಂಬಾ, ಇಲ್ಲಿ ಇನ್ನೂ ಮೂರು ಬೋರು ಅದಾವ, ಅವನ್ನೂ ಚೆಕ್ ಮಾಡಿಸೋಣು" ಅಂದ. ಮೂರನೇ ಕ್ಲಾಸು ಓದಿದ ಮನುಷ್ಯ ಅವನು. ಐಟಿಐಯಲ್ಲಿ ಎರಡು ವರ್ಷ ಕಲಿತ ನನಗೆ ತಡವಾಗಿ ತಿಳಿದದ್ದು ಅವನಿಗೆ ಈಗ ತಿಳಿದಿದೆ.

ನಾನು ಬರೋ ಮಾರ್ಚಿನಲ್ಲಿ ಊರಿಗೆ ಹೋಗ್ತಿದ್ದೀನಿ. ಬ್ಯಾಗಿನಲ್ಲಿ ಸಾಬೂನು, ಖರ್ಜೂರದ ಜೊತೆ ತೊಳೆದು ಒಣಗಿಸಿದ ಬಾಟಲಿಗಳೂ ಇರ್ತವೆ. ನಿಮ್ಮ ಬ್ಯಾಗಿನಲ್ಲೂ ಒಂದಕ್ಕೆ ಜಾಗ ಮಾಡಿ.

 ಊಟ ತಯಾರಾಗಿದೆ ಅಂತ ಕಾರ್ಯದರ್ಶಿಗಳು ಕೈ ತೋರಿಸ್ತಿದ್ದಾರೆ.